ಎನ್‌ಐಸಿಯು ಹೊರಗೆ ಕೂತವರ ನೋಟ್‌ಬುಕ್

ಎರಡೂವರೆ ಕಿಲೋ ಕೂಸಿನ ಮೈಮೇಲೆ ಆಪರೇಷನ್ ಆದ ರಾತ್ರಿ ಎಂಟು-ಹತ್ತು ನಳಿಗೆ, ತಂತಿಗಳಿರುತ್ತವೆ. ಯಾವುದು ಯಾತಕ್ಕೆ ಎಂದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಆದರೆ ಅದನ್ನೆಲ್ಲ ಕೂತು ಹೇಳುವಷ್ಟು ಪುರುಸೊತ್ತು ವಾರ್ಡಿನಲ್ಲಿ ಯಾರಿಗೂ ಇರುವುದಿಲ್ಲ. ಡೊಂಬಿವಲಿಯಿಂದಲೋ ವಸಯಿಯಿಂದಲೋ ಲೋಕಲ್ ಹಿಡಿದು ಮುಂಬಯಿಯ ಆಸ್ಪತ್ರೆಗೆ ಬಂದು, ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ವಾರ್ಡಿನ ಹೊರಗೆ, ಕಾರಿಡಾರಿನ ಬೆಂಚಿನ ಮೇಲೆ ಕೂತು, ಮರಾಠಿಯಲ್ಲಿ ಹೆಸರು ಕೂಗುವುದನ್ನೇ ಕಾಯುವ ನಮ್ಮ ಕನ್ನಡದ ಮನೆಯವರಿಗಾಗಿ ಇದನ್ನು ಬರೆದಿದ್ದೇವೆ. ಇಲ್ಲಿಯ ಅಳತೆಗಳು ಸಾಮಾನ್ಯವಾಗಿ ನಡೆಯುವಂಥವು. ನಿಮ್ಮ ವಾರ್ಡು ಬೇರೆ ಹೇಳಿದರೆ ವಾರ್ಡಿನ ಮಾತೇ ನಡೆಯಲಿ.

ಬಾಯಿಯಿಂದ ಗಂಟಲಿಗಿಳಿದು, ಕೆನ್ನೆಗೆ ಪಟ್ಟಿ ಹಚ್ಚಿ ಹಿಡಿದಿಟ್ಟಿರುವುದು ವೆಂಟಿಲೇಟರಿನ ನಳಿಗೆ. ಅದು ಧ್ವನಿಪೆಟ್ಟಿಗೆಯ ನಡುವೆ ಹಾದು ಹೋಗುವುದರಿಂದ ಕೂಸು ಅತ್ತರೂ ದನಿ ಬರುವುದಿಲ್ಲ. ಮುಖ ಕಿವುಚುತ್ತದೆ, ಬಾಯಿ ತೆರೆಯುತ್ತದೆ, ಸದ್ದಿಲ್ಲ. ತಾಯಂದಿರು ಹೆಚ್ಚು ಹೆದರುವುದು ಇದನ್ನು ಕಂಡೇ. ದನಿ ಹೋಗಿಲ್ಲ. ನಳಿಗೆ ತೆಗೆದ ಮೇಲೆ ಒಂದೆರಡು ದಿನ ಗೊಗ್ಗರಾಗಿ, ಆಮೇಲೆ ಸರಿಯಾಗುತ್ತದೆ. ಎದೆಯ ಮೇಲಿನ ಮೂರು ಸ್ಟಿಕ್ಕರ್ ಹೃದಯದ ಬಡಿತಕ್ಕೆ. ಹೊಟ್ಟೆಯ ಮೇಲಿನ ಬೆಳ್ಳಿ ಬಣ್ಣದ ಬೊಟ್ಟು ಮೈಬಿಸಿ ಅಳೆದು, ಕೂಸನ್ನು ಬೆಚ್ಚಗಿಡುವ ವಾರ್ಮರಿಗೆ ತಿಳಿಸುತ್ತದೆ. ಪಾದಕ್ಕೆ ಸುತ್ತಿದ ಕೆಂಪು ಬೆಳಕಿನ ಪಟ್ಟಿ ರಕ್ತದ ಆಮ್ಲಜನಕ ತೋರಿಸುವಂಥದ್ದು. ಒಂದೇ ಕಡೆ ಬಹಳ ಹೊತ್ತಿದ್ದರೆ ಚರ್ಮ ಕಂದುತ್ತದೆಂದು ಮೂರು-ನಾಲ್ಕು ಗಂಟೆಗೊಮ್ಮೆ ಕಾಲು ಬದಲಿಸುತ್ತಾರೆ. ಹೊಕ್ಕುಳಿನಲ್ಲೋ ತೋಳಿನಲ್ಲೋ ಇರುವ ಸಣ್ಣ ಎಳೆಯಂಥ ನಳಿಗೆ ದೊಡ್ಡ ರಕ್ತನಾಳದವರೆಗೆ ಹೋಗಿರುತ್ತದೆ. ಹಾಲು ಕೊಡಲಾಗದ ದಿನಗಳಲ್ಲಿ ಕೂಸಿನ ಊಟವೆಲ್ಲ ಅದರೊಳಗೇ. ಸಕ್ಕರೆ ನೀರು, ಪ್ರೊಟೀನು ಒಂದು ಸಿರಿಂಜಿನಲ್ಲಿ, ಹಾಲಿನಂತೆ ಬೆಳ್ಳಗಿರುವ ಕೊಬ್ಬು ಇನ್ನೊಂದರಲ್ಲಿ. ಆ ಬಿಳಿ ಸಿರಿಂಜನ್ನು ನೋಡಿ "ಹಾಲು ಶುರು ಮಾಡಿದ್ದಾರೆ" ಎಂದು ಊರಿಗೆ ಫೋನ್ ಮಾಡಿಬಿಡಬೇಡಿ.

ಮೂಗಿನಿಂದ ಹೊಟ್ಟೆಗಿಳಿದ ನಳಿಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕರುಳಿನ ಆಪರೇಷನ್ ಆಗಿದ್ದರೆ ಅದು ಹೊಟ್ಟೆಯ ನೀರು, ಗಾಳಿ ಹೊರತೆಗೆಯಲು ಇರುತ್ತದೆ. ಬಿದ್ದುಹೋದರೆ ಇನ್ನೊಂದು ಹಾಕಬಹುದು. ಆದರೆ ಅನ್ನನಾಳದ ಆಪರೇಷನ್ ಆಗಿದ್ದರೆ ಲೆಕ್ಕವೇ ಬೇರೆ. ಅನ್ನನಾಳ ಮೇಲೆ ಮುಚ್ಚಿಕೊಂಡು, ಕೆಳಗಿನ ತುದಿ ಶ್ವಾಸನಾಳಕ್ಕೆ ಅಂಟಿಕೊಂಡು ಹುಟ್ಟುವ ಕೂಸುಗಳಿರುತ್ತವೆ. ಸಾಮಾನ್ಯವಾಗಿ ಬಲ ಪಕ್ಕೆಯ ಕಡೆಯಿಂದ ಎದೆ ತೆರೆದು, ಅಂಟಿದ್ದನ್ನು ಬಿಡಿಸಿ, ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ಮೂಗಿನ ನಳಿಗೆ ಆ ಹಸಿ ಹೊಲಿಗೆಯ ನಡುವೆಯೇ ಹಾದಿರುತ್ತದೆ. ಅದು ಜಾರಿ ಹೊರಬಂದರೆ ಮತ್ತೆ ತೂರಿಸಲು ಯಾರೂ ಹೋಗಕೂಡದು. ತುದಿ ತಾಗಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ವಾರ್ಡುಗಳಲ್ಲಿ ಹಾಸಿಗೆಗೇ ಚೀಟಿ ಅಂಟಿಸಿರುತ್ತಾರೆ: ಈ ನಳಿಗೆ ಮುಟ್ಟಬೇಡಿ, ಸಕ್ಷನ್ (ಉಗುಳು ಹೀರುವ ನಳಿಗೆ) ಇಷ್ಟೇ ಆಳ. ಚೀಟಿ ಕಾಣದಿದ್ದರೆ ಸರ್ಜನ್ ಬಂದಾಗ ಒಂದು ಬರೆದು ಹಾಕಿಸಿ. ರಾತ್ರಿ ಪಾಳಿಗೆ ಹೊಸ ಸಿಸ್ಟರ್ ಬಂದಾಗ ಉಳಿಸುವುದು ಆ ಚೀಟಿಯೇ. ಹೊಲಿಗೆಗೆ ಎಳೆತ ಜಾಸ್ತಿ ಇದ್ದ ಕೂಸುಗಳನ್ನು ನಾಲ್ಕೈದು ದಿನ ಗದ್ದ ಎದೆಗೆ ಬಾಗಿಸಿ, ನಿದ್ದೆಯ ಔಷಧಿಯಲ್ಲಿಟ್ಟು, ಅಲುಗದಂತೆ ಮಲಗಿಸಿರುತ್ತಾರೆ. "ಕುತ್ತಿಗೆ ಹೀಗ್ಯಾಕೆ" ಎಂದು ನೆಟ್ಟಗೆ ಮಾಡಲು ಹೋಗಬೇಡಿ.

ಮೊದಲ ಮೂರು ದಿನ ಕೂಸು ಊದಿಕೊಂಡಿರುತ್ತದೆ. ರೆಪ್ಪೆ ದಪ್ಪ, ಕೈ ಗುಂಡುಗುಂಡಗೆ. ಆಪರೇಷನ್ನಿನ ಹೊಡೆತಕ್ಕೆ ರಕ್ತನಾಳಗಳಿಂದ ನೀರು ಸೋರಿ ಮೈಗೆ ಇಳಿದಿರುತ್ತದೆ, ಅಷ್ಟೆ. ತೂಕ ಏರಿದ್ದು ನಿಜವಾದ ತೂಕವಲ್ಲ, ಆಮೇಲೆ ಇಳಿದರೆ ಅದು ಕೆಟ್ಟದ್ದೂ ಅಲ್ಲ. ನೀರು ಇಳಿಯುವುದನ್ನು ಹೇಳಿಕೊಡುವುದು ಉಚ್ಚೆ.

ಇದಕ್ಕೇ ನೋಟ್‌ಬುಕ್ ಬೇಕು. ನೂರು ಪುಟದ್ದು ಸಾಕು, ದಿನಕ್ಕೆ ನಾಲ್ಕೇ ಅಂಕಿ ಬರೆದಿಡಿ: ತೂಕ, ಹಿಂದಿನ 24 ಗಂಟೆಯ ಉಚ್ಚೆ ಎಷ್ಟು ಎಂಎಲ್, ಮೂಗಿನ ನಳಿಗೆಯಿಂದ ಅಥವಾ ಎದೆಯೊಳಗಿನ ನೀರು ಹೊರಬಿಡುವ ಡ್ರೇನ್ ನಳಿಗೆಯಿಂದ ಬಂದದ್ದು ಎಷ್ಟು (ಅದರ ಬಣ್ಣವನ್ನೂ ಪಕ್ಕಕ್ಕೆ ಬರೆಯಿರಿ), ಹಾಲು ಎಷ್ಟು ಹೋಯಿತು. ಬೆಳಗಿನ ರೌಂಡ್ ಮುಗಿದ ಮೇಲೆ ಈ ನಾಲ್ಕೂ ಸಿಸ್ಟರ್ ಬಳಿಯ ಚಾರ್ಟಿನಲ್ಲಿರುತ್ತವೆ. ಕೇಳಿದರೆ ಬಹುತೇಕರು ಹೇಳುತ್ತಾರೆ.

ಮಾನಿಟರ್ ನೋಡುತ್ತ ಕೂರುವವರಿಗೆ ಒಂದು ಮಾತು. ಹೃದಯದ ಬಡಿತ 120ರಿಂದ 160, ಉಸಿರು ನಿಮಿಷಕ್ಕೆ 40ರಿಂದ 60, ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸಾಧಾರಣ. ಆಮ್ಲಜನಕದ ಅಂಕಿ ಎಷ್ಟಿರಬೇಕೆಂಬುದು ಕೂಸಿನ ಮೇಲೆ ಹೋಗುತ್ತದೆ. ದಿನ ತುಂಬದೆ ಹುಟ್ಟಿ ಆಮ್ಲಜನಕದ ಮೇಲಿರುವ ಕೂಸಿಗೆ ಬೇಕೆಂದೇ 90ರಿಂದ 95ರ ಒಳಗೆ ಇಡುತ್ತಾರೆ, ಏಕೆಂದರೆ ಹೆಚ್ಚಾದ ಆಮ್ಲಜನಕ ಕಣ್ಣಿನ ಪರದೆಯನ್ನು ಕೆಡಿಸುತ್ತದೆ. ಹೃದಯದ ಕೆಲವು ಕಾಯಿಲೆಗಳಲ್ಲಿ 75-85 ಇದ್ದರೂ ಅದೇ ಸರಿ. ಪಕ್ಕದ ಹಾಸಿಗೆಯ ಅಂಕಿಯೊಂದಿಗೆ ಹೋಲಿಸುವುದು ಅರ್ಥವಿಲ್ಲದ ಸಂಕಟ. ಕಾಲು ಅಲುಗಿದರೆ, ಪಟ್ಟಿ ಸಡಿಲವಾದರೆ ಅಲಾರಂ ಹೊಡೆಯುತ್ತದೆ. ಅಲಾರಂ ಕೇಳಿದಾಗ ಪರದೆ ಬಿಟ್ಟು ಕೂಸಿನ ಮುಖ ನೋಡಿ. ತುಟಿ ಗುಲಾಬಿ ಇದ್ದು ಎದೆ ಏರಿಳಿಯುತ್ತಿದ್ದರೆ ಸಿಸ್ಟರ್ ಬರುವಷ್ಟು ಹೊತ್ತು ಉಸಿರು ಹಿಡಿಯಬೇಕಾಗಿಲ್ಲ. ಉಸಿರು 20 ಸೆಕೆಂಡ್ ನಿಂತರೆ, ಅಥವಾ ಬಣ್ಣ ನೀಲಿಗೆ ತಿರುಗಿದರೆ, ಜೋರಾಗಿ ಕೂಗಿ. ಆಗ ಯಾರೂ ಗದರುವುದಿಲ್ಲ.

ಉಚ್ಚೆಯ ಲೆಕ್ಕ ಸುಲಭ. ಗಂಟೆಗೆ ಕಿಲೋಗೆ 1 ಎಂಎಲ್‌ಗಿಂತ ಕಡಿಮೆಯಾಗಬಾರದು. ಎರಡೂವರೆ ಕಿಲೋ ಕೂಸಿಗೆ ದಿನಕ್ಕೆ 60 ಎಂಎಲ್ ಎಂದಾಯಿತು. ಒಣ ಡೈಪರ್ ತೂಗಿ, ಒದ್ದೆಯಾದದ್ದನ್ನು ಮತ್ತೆ ತೂಗಿ ಕಳೆಯುತ್ತಾರೆ, ಒಂದು ಗ್ರಾಂ ಅಂದರೆ ಒಂದು ಎಂಎಲ್. ಹಾಗಾಗಿ ಸಿಸ್ಟರ್ ಕೇಳಿದ ಬ್ರ್ಯಾಂಡಿನ ಡೈಪರನ್ನೇ ತನ್ನಿ, ನಡುವೆ ಬದಲಿಸಬೇಡಿ. ಒದ್ದೆ ಡೈಪರನ್ನು ನೀವೇ ಬಿಚ್ಚಿ ಎಸೆದುಬಿಟ್ಟರೆ ಆ ದಿನದ ಲೆಕ್ಕ ತಪ್ಪಿದಂತೆಯೇ.

ಮೂಗಿನ ನಳಿಗೆಯ ನೀರಿನ ಬಣ್ಣ ಕರುಳಿನ ಆಪರೇಷನ್ ಆದವರಿಗೆ ದಿನಪತ್ರಿಕೆ ಇದ್ದ ಹಾಗೆ. ಕಡು ಹಸಿರು ಎಂದರೆ ಪಿತ್ತ ಕೆಳಗಿಳಿಯದೆ ಹಿಂದಕ್ಕೆ ಬರುತ್ತಿದೆ, ಕರುಳು ಇನ್ನೂ ಮಲಗಿದೆ. ದಿನದಿಂದ ದಿನಕ್ಕೆ ಹಸಿರು ತಿಳಿಯಾಗಿ, ಹಳದಿಯಾಗಿ, ನೀರಿನಂತಾಗಿ, ಪ್ರಮಾಣವೂ ಇಳಿದು, ಕೆಳಗೆ ಕಕ್ಕವೂ ಬಂದರೆ ಹಾಲಿನ ಮಾತು ಶುರುವಾಗುತ್ತದೆ. ಸಣ್ಣ ಕರುಳಿನ ಮೊದಲ ಭಾಗ ಮುಚ್ಚಿ ಹುಟ್ಟಿದ ಕೂಸುಗಳಲ್ಲಿ ಇದಕ್ಕೆ ಒಂದೆರಡು ವಾರ ಹಿಡಿಯುವುದು ಮಾಮೂಲು, ಏಕೆಂದರೆ ತಡೆಯ ಮೇಲಿನ ಭಾಗ ಕೂಸು ತಾಯಿಯ ಹೊಟ್ಟೆಯೊಳಗಿದ್ದಾಗಲೇ ಹಿಗ್ಗಿ ಬಲೂನಿನಂತಾಗಿ ಹಿಂಡುವ ಶಕ್ತಿ ಕಳೆದುಕೊಂಡಿರುತ್ತದೆ. ಕರುಳು ಹೊರಗೇ ಇದ್ದು ಹುಟ್ಟಿದ ಕೂಸಿಗೆ ಪೂರ್ತಿ ಹಾಲಿಗೆ ಬರಲು ತಿಂಗಳಾದರೂ ಆಶ್ಚರ್ಯವಿಲ್ಲ. ಆಪರೇಷನ್ ಚೆನ್ನಾಗಿ ಆಯಿತು ಎಂದು ಡಾಕ್ಟರ್ ಹೇಳಿದ್ದಕ್ಕೂ ಹತ್ತು ದಿನವಾದರೂ ಹನಿ ಹಾಲು ಕೊಡದ್ದಕ್ಕೂ ವಿರೋಧವಿಲ್ಲ.

ಎದೆಯ ಡ್ರೇನಿನಲ್ಲಿ ಮೊದಲು ತೆಳು ಕೆಂಪು, ಆಮೇಲೆ ಒಣಹುಲ್ಲಿನ ಬಣ್ಣದ ನೀರು ಬಂದು ಕಡಿಮೆಯಾಗುತ್ತದೆ. ಅನ್ನನಾಳದ ಕೂಸಿನಲ್ಲಿ ನೊರೆನೊರೆ ಉಗುಳು ಕಂಡರೆ ಹೊಲಿಗೆ ಸೋರುತ್ತಿದೆ ಎಂದರ್ಥ. ಕೇಳಲು ಭಯಂಕರ. ಆದರೆ ಸಣ್ಣ ಸೋರಿಕೆಗಳು ಬಹುಪಾಲು ಮತ್ತೆ ಆಪರೇಷನ್ ಇಲ್ಲದೆ, ಬಾಯಿಗೆ ಏನೂ ಕೊಡದೆ ಕಾದರೆ ತಾವೇ ಮುಚ್ಚುತ್ತವೆ. ಸಾಮಾನ್ಯವಾಗಿ 5ರಿಂದ 7ನೇ ದಿನದ ಹೊತ್ತಿಗೆ ಬಣ್ಣದ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ. ಅಲ್ಲಿ ಸೋರದಿದ್ದರೆ ಬಾಯಿಗೆ ಹಾಲು. ಇನ್ನೊಂದು, ಹಾಲು ಶುರುವಾದ ಮೇಲೆ ಡ್ರೇನಿನ ನೀರೇ ಹಾಲಿನಂತೆ ಬೆಳ್ಳಗಾದರೆ ಅದು ಎದೆಯೊಳಗಿನ ಕೊಬ್ಬು ಸಾಗಿಸುವ ನಾಳಕ್ಕೆ ಪೆಟ್ಟಾದ ಗುರುತು. ಆಗ ಕೆಲವು ವಾರ ತಾಯಿಹಾಲು ನಿಲ್ಲಿಸಿ ಬೇರೆ ಬಗೆಯ ಕೊಬ್ಬಿರುವ ಪುಡಿಹಾಲು ಕೊಡುತ್ತಾರೆ. ತಾಯಿಯ ಹಾಲಿನಲ್ಲಿ ದೋಷವಿದೆ ಎಂದು ಮನೆಯಲ್ಲಿ ಯಾರಾದರೂ ಅಂದರೆ ಅದು ಸುಳ್ಳು. ಆ ವಾರಗಳಲ್ಲೂ ಹಿಂಡುವುದನ್ನು ನಿಲ್ಲಿಸಬಾರದು.

ಹಾಲಿನ ಕೆಲಸ

ವಾರ್ಡಿನಲ್ಲಿ ಮಿಕ್ಕ ಎಲ್ಲ ಕೆಲಸಕ್ಕೂ ಜನ ಇದ್ದಾರೆ. ಇದೊಂದನ್ನು ತಾಯಿಯೇ ಮಾಡಬೇಕು, ತಾಯಿಗೆ ಉಳಿದವರು ಕೈಗೂಡಿಸಬೇಕು. ಕೂಸು ಕುಡಿಯದಿದ್ದರೂ ಹೆರಿಗೆಯಾದ ಆರು ಗಂಟೆಯೊಳಗೆ ಹಿಂಡಲು ಶುರು ಮಾಡಿ. 24 ಗಂಟೆಯಲ್ಲಿ ಎಂಟರಿಂದ ಹತ್ತು ಸಲ, ಅದರಲ್ಲಿ ಒಂದು ಸಲ ರಾತ್ರಿ ಎರಡರಿಂದ ಐದರ ಒಳಗೆ. ಹಾಲಿಳಿಸುವ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ, ಆ ಒಂದು ಸಲ ತಪ್ಪಿಸಿದರೆ ಹಾಲು ಕಡಿಮೆಯಾಗತೊಡಗಬಹುದು.

ಮೊದಲ ಎರಡು-ಮೂರು ದಿನ ಪಂಪಿಗಿಂತ ಕೈಯೇ ಮೇಲು. ಗಿಣ್ಣುಹಾಲು ಮಂದ, ಪಂಪಿನ ಗೋಡೆಗೇ ಅಂಟಿಕೊಂಡು ಹೋಗುತ್ತದೆ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಮೂರು-ನಾಲ್ಕು ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಕೂಡಿಸಿ. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟು ಎಳೆಯಬಾರದು. ಮೊದಲ ದಿನ ಎಲ್ಲ ಸೇರಿ ಒಂದೆರಡು ಚಮಚ ಬಂದರೆ ಅಷ್ಟೇ ಬರುವುದು. ಅದನ್ನೇ ಒಂದು ಎಂಎಲ್ ಸಿರಿಂಜಿನಲ್ಲಿ ತುಂಬಿ ಕೊಡಿ. ಡಾಕ್ಟರ್ ಒಪ್ಪಿದರೆ ಮೂರು ಗಂಟೆಗೊಮ್ಮೆ ಒಂದೊಂದು ಕೆನ್ನೆಯೊಳಗೆ 0.1 ಎಂಎಲ್ ಸವರುತ್ತಾರೆ, ನುಂಗದ ಕೂಸಿಗೂ ಬಾಯಿಯಿಂದಲೇ ರಕ್ಷಣೆ ಸಿಗುತ್ತದೆ. ಮೂರನೆಯ ದಿನದಿಂದ ಐದನೆಯ ದಿನದೊಳಗೆ ಹಾಲು ಇಳಿಯುತ್ತದೆ, ಸಿಸೇರಿಯನ್ ಆದವರಿಗೆ ಒಂದು ದಿನ ತಡ. ಎರಡು ವಾರದ ಹೊತ್ತಿಗೆ ದಿನಕ್ಕೆ 500 ಎಂಎಲ್ ಮುಟ್ಟಿದ್ದರೆ ಮುಂದೆ ಚಿಂತೆಯಿಲ್ಲ. 350ರ ಕೆಳಗಿದ್ದರೆ ಆಗಲೇ ಸ್ತನ್ಯಪಾನ ಸಲಹೆಗಾರರನ್ನು ಕೇಳಿ, ತಿಂಗಳಾದ ಮೇಲೆ ಏರಿಸುವುದು ಕಷ್ಟ.

ಪಂಪಿನ ಭಾಗಗಳನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸಾಬೂನು-ಬಿಸಿನೀರು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೊಟೀನು ಪ್ಲಾಸ್ಟಿಕ್ಕಿಗೆ ಹಿಡಿದು ಜಿಡ್ಡಾಗುತ್ತದೆ. ದಿನಕ್ಕೊಮ್ಮೆ ಹತ್ತು ನಿಮಿಷ ಕುದಿಸಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಎಂಬ ಮಾತು 25 ಡಿಗ್ರಿಯ ಕೋಣೆಗೆ. ಮೇ ತಿಂಗಳ ಡೊಂಬಿವಲಿಯಲ್ಲಿ ಅದನ್ನು ನಂಬಬೇಡಿ, ಹಿಂಡಿದ ತಕ್ಷಣ ಫ್ರಿಜ್ಜಿನ ಒಳಭಾಗಕ್ಕೆ ಇಡಿ, ಬಾಗಿಲಿನ ತಟ್ಟೆಗಲ್ಲ. ಒಂದು ದಿನದೊಳಗೆ ವಾರ್ಡಿಗೆ ಮುಟ್ಟದ ಹಾಲನ್ನು ಫ್ರೀಜರಿಗೆ. ಒಂದು ಡಬ್ಬಿಗೆ ಒಂದು ಹೊತ್ತಿನದು ಮಾತ್ರ, ಬಿಸಿ ಹಾಲನ್ನು ತಣ್ಣನೆಯದಕ್ಕೆ ಸುರಿಯಬೇಡಿ. ಮೇಲೆ ಕೆನೆ ಕಟ್ಟಿ ಕೆಳಗೆ ನೀರಾಗಿ ನಿಂತರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಚೀಟಿಯಲ್ಲಿ ತಾಯಿಯ ಪೂರ್ತಿ ಹೆಸರು, ಕೂಸಿನ ಐಪಿ (ಒಳರೋಗಿ) ನಂಬರ್, ತಾರೀಕು, ಗಂಟೆ. ವಾರ್ಡಿನ ದಾಖಲೆಯಲ್ಲಿ ಕೂಸಿಗೆ ಸ್ವಂತ ಹೆಸರಿಲ್ಲ, ತಾಯಿಯ ಹೆಸರಿನಿಂದಲೇ ಗುರುತು, ಒಂದೇ ಹೆಸರಿನ ಇಬ್ಬರು ತಾಯಂದಿರಿದ್ದರೆ ನಂಬರೇ ಗತಿ.

ಸಾಗಿಸಲು ಥರ್ಮೋಕೋಲಿನ ಅಥವಾ ದಪ್ಪ ಪ್ಲಾಸ್ಟಿಕ್ಕಿನ ಸಣ್ಣ ಪೆಟ್ಟಿಗೆ, ಅಡಿಗೂ ಪಕ್ಕಕ್ಕೂ ಮೇಲಕ್ಕೂ ಗಟ್ಟಿ ಮಾಡಿದ ಜೆಲ್ ಪ್ಯಾಕ್. ಬಿಡಿ ಐಸು ಬೇಡ, ಕರಗಿದ ನೀರು ಮುಚ್ಚಳದೊಳಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಖಾಲಿ ಜಾಗ ಉಳಿದರೆ ಒಂದು ಟವೆಲ್ ತುರುಕಿ, ಗಾಳಿ ಹೆಚ್ಚಿದ್ದಷ್ಟೂ ಬೇಗ ಬಿಸಿಯಾಗುತ್ತದೆ. ಪರೇಲಿನ ಆಸ್ಪತ್ರೆಗಳಿಗೆ ಹೋಗುವವರು ಫಾಸ್ಟ್ ಲೋಕಲ್‌ನಲ್ಲಿ ದಾದರ್‌ವರೆಗೆ ಬಂದು ಸ್ಲೋ ಹಿಡಿಯುವ ಬದಲು, ಬೆಳಗ್ಗೆ ಗದ್ದಲಕ್ಕೆ ಮೊದಲೇ ನೇರ ಸ್ಲೋ ಹತ್ತುವುದು ಹಾಲಿಗೂ ಒಳ್ಳೆಯದು, ಹೊತ್ತವರಿಗೂ. ಜುಲೈ-ಆಗಸ್ಟ್‌ನಲ್ಲಿ ಹಳಿ ಮೇಲೆ ನೀರು ನಿಂತು ರೈಲು ನಿಲ್ಲುವ ದಿನ ಬಂದೇ ಬರುತ್ತದೆ. ವಾರ್ಡಿನ ಫ್ರೀಜರಿನಲ್ಲಿ ಜಾಗ ಕೊಟ್ಟರೆ ಎರಡು ದಿನದ ಹಾಲು ಮೊದಲೇ ಇಟ್ಟಿರಿ. ಒಮ್ಮೆ ಕರಗಿದ ಹಾಲನ್ನು ಮತ್ತೆ ಗಟ್ಟಿ ಮಾಡುವಂತಿಲ್ಲ.

ಹಾಲು ಸಾಲದಿದ್ದರೆ ದಾನದ ಹಾಲಿದೆ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ ಇದೇ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ದಾನಿಗಳ ರಕ್ತಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುತ್ತಾರೆ. "ಯಾರದೋ ಹಾಲು" ಎಂದು ಮೂಗು ಮುರಿಯುವ ಹಿರಿಯರಿಗೆ ಇದನ್ನು ಹೇಳಿ. ಆಪರೇಷನ್ ಆದ ಕರುಳಿಗೆ ಪುಡಿಹಾಲಿಗಿಂತ ಅದು ಎಷ್ಟೋ ಹಗುರ.

ಶುರುವಿನ ಅಳತೆ ಕೇಳಿ ನಿರಾಶರಾಗಬೇಡಿ. ದಿನಕ್ಕೆ ಕಿಲೋಗೆ 10ರಿಂದ 20 ಎಂಎಲ್, ಅಂದರೆ ಎರಡೂವರೆ ಕಿಲೋ ಕೂಸಿಗೆ ಮೂರು ಗಂಟೆಗೊಮ್ಮೆ 3ರಿಂದ 6 ಎಂಎಲ್. ಅದು ಹೊಟ್ಟೆ ತುಂಬಲು ಅಲ್ಲ, ಕರುಳಿನ ಒಳಪದರವನ್ನು ಎಬ್ಬಿಸಲು. ತಾಳಿಕೊಂಡರೆ ದಿನಕ್ಕೆ ಕಿಲೋಗೆ 20-30 ಎಂಎಲ್‌ನಂತೆ ಏರಿಸುತ್ತ 150ಕ್ಕೆ ಒಯ್ಯುತ್ತಾರೆ, ಆಗ ಒಂದು ಹೊತ್ತಿಗೆ 47 ಎಂಎಲ್ ಆಗುತ್ತದೆ. ಎಲ್ಲೂ ನಿಲ್ಲದಿದ್ದರೆ ಒಂದು ವಾರದ ದಾರಿ. ಆದರೆ ನಡುವೆ ಹೊಟ್ಟೆ ಉಬ್ಬಿ, ಹಸಿರು ಮರಳಿ ಬಂದು, ಒಂದೆರಡು ದಿನ ನಿಲ್ಲಿಸಿ ಮತ್ತೆ ಮೂರು ಎಂಎಲ್‌ಗೆ ಇಳಿಸುವುದು ಹಲವು ಕೂಸುಗಳಲ್ಲಿ ಆಗುತ್ತದೆ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆಯಿರಿ. ಮುಂದಿನ ವಾರ ತಿರುವಿ ನೋಡುವಾಗ ಎಷ್ಟು ಸಣ್ಣ ತಗ್ಗು ಎಂದು ಗೊತ್ತಾಗುತ್ತದೆ.

ಕೈ, ಬಳೆ, ಪುರುಡು

ಒಳಗೆ ಹೋಗುವ ಮೊದಲು ಮೊಣಕೈವರೆಗೆ ಎಲ್ಲ ಬಿಚ್ಚಿ: ವಾಚು, ಉಂಗುರ, ಕೈದಾರ. ಸೀಮಂತದ ಹಸಿರು ಬಳೆ ತೆಗೆಯಬಾರದು ಎಂದು ಅತ್ತೆಯವರೋ ಅಮ್ಮನೋ ಅಡ್ಡ ಬರುತ್ತಾರೆ. ಬಳೆಯ ಕೆಳಗಿನ ತೇವದಲ್ಲಿ ಕೂತ ಕೀಟಾಣು ಸಾಬೂನಿಗೆ ಸಿಗುವುದಿಲ್ಲ ಎಂದು ಮೆಲ್ಲಗೆ ತಿಳಿಸಿ. ಬಳೆಗಳನ್ನು ದೇವರ ಮುಂದಿಟ್ಟು, ಕೂಸು ಮನೆಗೆ ಬಂದ ದಿನ ತೊಡೋಣ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಸಾಬೂನಿನಿಂದ 40-60 ಸೆಕೆಂಡ್: ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು ತುದಿ. ಹೆಬ್ಬೆರಳನ್ನೇ ಹೆಚ್ಚು ಜನ ಮರೆಯುವುದು. ಒಳಗೆ ಹೋದ ಮೇಲೆ ಮೊಬೈಲ್ ಮುಟ್ಟಿದಿರೋ, ಮತ್ತೆ ತೊಳೆಯಿರಿ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಕೂಸು ಚೇತರಿಸುತ್ತಿದೆ ಎಂದುಕೊಂಡ ಹೊತ್ತಿಗೆ ರಕ್ತಕ್ಕೆ ಸೋಂಕು ತಗುಲುವ ಸಂಭವವಿದೆ. ರಕ್ತನಾಳದ ನಳಿಗೆ ಹಳೆಯದಾದಷ್ಟೂ ಅದರ ದಾರಿ ಸಲೀಸು. ಸುಳಿವು ಸಣ್ಣದು: ಮೈ ತಣ್ಣಗಾಗುವುದು, ಚರ್ಮ ಕಲೆಕಲೆಯಾಗುವುದು, ನಿನ್ನೆ ಕುಡಿದದ್ದನ್ನು ಇವತ್ತು ತಾಳದಿರುವುದು. "ನಿನ್ನೆಯ ಹಾಗಿಲ್ಲ" ಎಂದು ತಾಯಿಗೆ ಅನಿಸಿದರೆ ಅದನ್ನು ಹಾಗೆಯೇ ಸಿಸ್ಟರಿಗೆ ಹೇಳಿ, ಒಳ್ಳೆಯ ಸಿಸ್ಟರುಗಳು ಆ ಮಾತನ್ನು ತಳ್ಳಿಹಾಕುವುದಿಲ್ಲ. ರಕ್ತದ ಕಲ್ಚರ್ ಪರೀಕ್ಷೆಗೆ 48 ಗಂಟೆ ಬೇಕು, ಆಂಟಿಬಯೋಟಿಕ್ ಅದಕ್ಕೂ ಮೊದಲೇ ಶುರುವಾಗುತ್ತದೆ.

ಮುಟ್ಟುವುದು ಹೇಗೆ? ಸವರಬೇಡಿ. ಹೊಟ್ಟೆಯೊಳಗಿಂದ ಈಗಷ್ಟೇ ಬಂದ ಚರ್ಮಕ್ಕೆ ಬೆರಳಿನ ಹಗುರ ಸವರಾಟ ಕಚಗುಳಿ, ಕಿರಿಕಿರಿ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಚಿದ ಕಾಲುಗಳ ಮೇಲೆ ಇಟ್ಟು ಅಲುಗದೆ ನಿಲ್ಲಿ. ಸೂಜಿ ಚುಚ್ಚುವಾಗ ಹೀಗೆ ಹಿಡಿದರೆ ನೋವು ಕಡಿಮೆಯಾಗುತ್ತದೆ. ಹುಬ್ಬು ಗಂಟಿಕ್ಕುವುದು, ಕಣ್ಣು ಬಿಗಿ ಮುಚ್ಚುವುದು, ಮುಷ್ಟಿ ಕಟ್ಟುವುದು ನೋವಿನ ಗುರುತು. "ಇವತ್ತಿನ ನೋವಿನ ಸ್ಕೋರ್ ಎಷ್ಟು" ಎಂದು ಕೇಳುವ ಹಕ್ಕು ನಿಮಗಿದೆ. ನೋವಿನ ಡ್ರಿಪ್ ಹಲವು ದಿನ ನಡೆದಿದ್ದರೆ ನಿಲ್ಲಿಸುವಾಗ ಮೆಲ್ಲಮೆಲ್ಲಗೆ ಇಳಿಸುತ್ತಾರೆ. ಆ ಹೊತ್ತಿಗೆ ನಡುಕ, ಆಕಳಿಕೆ, ಸೀನು, ನೀರು ಕಕ್ಕ ಕಾಣಬಹುದು. ಮೈಗೆ ರೂಢಿಯಾದ ಔಷಧಿ ಬಿಡುವಾಗಿನ ತೊಂದರೆ ಅದು, ಚಟವಲ್ಲ. ವೆಂಟಿಲೇಟರ್ ಬಿಟ್ಟು, ಡ್ರೇನ್ ತೆಗೆದ ಮೇಲೆ ಎದೆಗೆ ಎದೆ ಹಚ್ಚಿ ಹಿಡಿಯುವ ಕಾಂಗರೂ ಆರೈಕೆ ಕೇಳಿ. ಎತ್ತಿ ಮಲಗಿಸುವುದರಲ್ಲೇ ಕೂಸಿಗೆ ದಣಿವಾಗುವುದರಿಂದ ಒಮ್ಮೆ ಕೂತರೆ ಒಂದು ಗಂಟೆಗೆ ಕಡಿಮೆ ಬೇಡ. ಅಪ್ಪನೂ ಕೂರಬಹುದು.

ಪುರುಡು, ಅಮೆ ಎಂದು ಬಾಣಂತಿಯನ್ನು ಹೊಸ್ತಿಲು ದಾಟಿಸದ ಮನೆಗಳಲ್ಲಿ ಈ ಹನ್ನೊಂದು ದಿನ ಜಗಳವೇ ಆಗುತ್ತದೆ. ನಮ್ಮ ಅಭಿಪ್ರಾಯ ಸ್ಪಷ್ಟ: ಹಾಲು ಮತ್ತು ತಾಯಿಯ ಮೈಬಿಸಿ ಔಷಧಿಯ ಪಟ್ಟಿಯಲ್ಲಿವೆ, ಔಷಧಿಗೆ ಸೂತಕವಿಲ್ಲ. ತೊಟ್ಟಿಲ ಶಾಸ್ತ್ರ ಮುಂದೆ ಹಾಕಿದರೆ ಏನೂ ಆಗದು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನಂತೂ ಕೈಬಿಡಿ, ಬಾಯಾರಿದಾಗಲೆಲ್ಲ ಕುಡಿಯಲಿ. ಅಂಟಿನುಂಡೆ, ಮೆಂತೆ ಗಂಜಿ, ಸಬ್ಬಸಿಗೆ ಸೊಪ್ಪಿನ ಪಲ್ಯ ಎಲ್ಲ ಚೆನ್ನ. ಡಬ್ಬಿಯಲ್ಲಿ ಕಟ್ಟಿ ಕಾರಿಡಾರಿಗೆ ತಂದರೆ ಇನ್ನೂ ಚೆನ್ನ. ಆದರೆ ಕೂಸಿಗೆ ಬಜೆ, ಜೇನು, ಗ್ರೈಪ್ ವಾಟರ್, ಕಾಡಿಗೆ ಯಾವುದೂ ಸಲ್ಲದು. ಬೆರಳಲ್ಲಿ ನೆಕ್ಕಿಸಿದ ಒಂದು ಹನಿ ಜೇನೂ ಅಪಾಯವೇ.

ಹೊಲಿಗೆ ಹಾಕಿಸಿಕೊಂಡ ತಾಯಿ ದಿನಾ ಮೆಟ್ಟಿಲು ಹತ್ತಿ ಬರುವುದನ್ನು ಎಲ್ಲರೂ ಮರೆತುಬಿಡುತ್ತಾರೆ. ಜ್ವರ, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಇವುಗಳಲ್ಲಿ ಒಂದಾದರೂ ಅದೇ ದಿನ ಡಾಕ್ಟರ್. ಅಳು, ನಿದ್ದೆಯಿಲ್ಲದಿರುವುದು, ಕೂಸಿನ ಹತ್ತಿರ ಹೋಗಲೇ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ಅದು ಬಾಣಂತಿ ಖಿನ್ನತೆ ಇರಬಹುದು. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಅಪ್ಪಂದಿರೂ ಮಾಡಬಹುದು.

ಮಾತು, ಕಾಗದ, ದುಡ್ಡು

ವಾರ್ಡಿನ ಮರಾಠಿ ನಾಲ್ಕೇ ಮಾತು. "ಬಾಳಾಚೀ ಆಯೀ" ಎಂದು ಕೂಗಿದರೆ ನಿಮ್ಮನ್ನೇ. "ದೂಧ ಕಾಢಾ" ಅಂದರೆ ಹಾಲು ಹಿಂಡಿ. "ಶೂ", "ಶೀ" ಅಂದರೆ ಉಚ್ಚೆ, ಕಕ್ಕ. "ಥಾಂಬಾ" ಅಂದರೆ ತಡೆಯಿರಿ, ಇದನ್ನೇ ಹೆಚ್ಚು ಕೇಳುತ್ತೀರಿ. ಆಯಾಗಳಿಗೆ ಮಾವಶಿ, ವಾರ್ಡ್‌ಬಾಯ್‌ಗೆ ಮಾಮಾ ಎಂದು ಕರೆದರೆ ಕೆಲಸ ಸಲೀಸು. ಕೇರಳದ ಸಿಸ್ಟರುಗಳೂ ಇರುತ್ತಾರೆ, ಅವರೊಡನೆ ಹಿಂದಿ ನಡೆಯುತ್ತದೆ. ರೌಂಡಿನಲ್ಲಿ ಡಾಕ್ಟರನ್ನು "ಹೇಗಿದೆ" ಎಂದು ಕೇಳಿದರೆ "ಸ್ಟೇಬಲ್" ಎಂಬ ಒಂದೇ ಉತ್ತರ ಸಿಗುತ್ತದೆ. "ನಿನ್ನೆಗಿಂತ ಇವತ್ತು ಯಾವ ಸಪೋರ್ಟ್ ಕಡಿಮೆ ಮಾಡಿದಿರಿ, ನಾಳೆ ಯಾವುದು ತೆಗೆಯುತ್ತೀರಿ" ಎಂದು ಕೇಳಿ ನೋಡಿ. ದಿನಕ್ಕೊಬ್ಬರೇ ಕೇಳಲಿ. ಚಿಕ್ಕಪ್ಪ, ಭಾವ, ಮಾವ ಎಲ್ಲ ಬೇರೆಬೇರೆಯಾಗಿ ಕೇಳಿದರೆ ಬೇರೆಬೇರೆ ಉತ್ತರ ಬಂದು ಮನೆಯಲ್ಲಿ ಗೊಂದಲ.

ದುಡ್ಡಿನದು ಚುಟುಕಾಗಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ರಾಜ್ಯ ಸರಕಾರದ ಉಚಿತ ಚಿಕಿತ್ಸೆಯ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಸಹಾಯಕ "ಆರೋಗ್ಯಮಿತ್ರ" ಕೂರುತ್ತಾರೆ, ಆಪರೇಷನ್ನಿಗೆ ಮೊದಲೇ ಅಥವಾ ತುರ್ತಾದರೆ ಅದೇ ದಿನ ಕಾಣಿ. ಅದಕ್ಕೆ ಮಹಾರಾಷ್ಟ್ರದ ದಾಖಲೆ ಬೇಕು. ವರ್ಷಗಟ್ಟಲೆ ಇಲ್ಲಿದ್ದೂ ರೇಷನ್ ಕಾರ್ಡನ್ನು ಊರಿನಲ್ಲೇ ಉಳಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಮಹಾರಾಷ್ಟ್ರದ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ಶೇಕಡಾ 10 ಹಾಸಿಗೆ ಬಡವರಿಗೆ ಉಚಿತವಾಗಿ, ಇನ್ನೂ ಶೇಕಡಾ 10 ರಿಯಾಯಿತಿಯಲ್ಲಿ ಕೊಡಬೇಕು. ಆದಾಯದ ಪತ್ರ ಹಿಡಿದು ಸಮಾಜಸೇವಾ ಅಧಿಕಾರಿಯನ್ನು ಕೇಳಿ, ಬಿಲ್ಲಿಂಗ್ ಕೌಂಟರಿನಲ್ಲಿ ಅಲ್ಲ. ರಕ್ತ ಬೇಕೆಂದಾಗ ಹತ್ತು ಜನರನ್ನು ಓಡಿಸಬೇಡಿ: ಕಿಲೋಗೆ 10-15 ಎಂಎಲ್ ಸಾಕು, ಎರಡೂವರೆ ಕಿಲೋಗೆ 25ರಿಂದ 38 ಎಂಎಲ್. ಜನನ ನೋಂದಣಿ 21 ದಿನದೊಳಗೆ, ಹುಟ್ಟಿದ ಜಾಗದಲ್ಲಿ. ಹೆಸರು ಆಮೇಲೆ ಸೇರಿಸಬಹುದು. ತವರಿನಲ್ಲಿ ಹೆತ್ತು ಆಪರೇಷನ್ನಿಗೆ ಮುಂಬಯಿಗೆ ತಂದಿದ್ದರೆ ನೋಂದಣಿ ತವರಿನ ಊರಿನಲ್ಲೇ.

ಮನೆಗೆ ಬಿಡುವಾಗ

ದಿನಕ್ಕೆ 20-30 ಗ್ರಾಂ ತೂಕ ಏರುತ್ತಿರಬೇಕು, ವಾರ್ಮರ್ ಇಲ್ಲದೆ ಬೆಚ್ಚಗಿರಬೇಕು, ಉಸಿರು ನಿಲ್ಲದೆ ಹಲವು ದಿನ ಕಳೆದಿರಬೇಕು. ಆಗ ಬಿಡುತ್ತಾರೆ. ಅದಕ್ಕೂ ಮೊದಲು ಎರಡು ದಿನ ತಾಯಿಯೇ ಎಲ್ಲ ಮಾಡಿ ನೋಡಲಿ, ಸಿಸ್ಟರ್ ಪಕ್ಕದಲ್ಲಿ ನಿಂತಿರಲಿ. ಮಲದ್ವಾರವಿಲ್ಲದೆ ಹುಟ್ಟಿ ಹೊಟ್ಟೆಯ ಮೇಲೆ ಕಕ್ಕದ ದಾರಿ ಮಾಡಿದ ಕೂಸಾದರೆ ಚೀಲ ಅಂಟಿಸುವುದನ್ನು ಕನಿಷ್ಠ ಮೂರು ಸಲ ಕೈಯಾರೆ ಮಾಡಿ. ತೂತನ್ನು ಕರುಳಿನ ಬಾಯಿಗಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ದೊಡ್ಡದಾದರೆ ಚರ್ಮ ಸುಡುತ್ತದೆ, ಚಿಕ್ಕದಾದರೆ ಕರುಳು ಉಜ್ಜಿ ರಕ್ತ ಬರುತ್ತದೆ. ಸುತ್ತಲಿನ ಚರ್ಮವನ್ನು ಬರೀ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ ತಾಗಿದ ಚರ್ಮಕ್ಕೆ ಚೀಲ ಹಿಡಿಯುವುದಿಲ್ಲ. ಎಣ್ಣೆ ನೀರು ಹಾಕಲು ಬರುವ ಹೆಂಗಸಿಗೆ ಇದನ್ನು ಮೊದಲೇ ಹೇಳಿಡಿ. ಕರುಳಿನ ಬಾಯಿ ಕೆಂಪಗೆ, ಹಸಿಯಾಗಿರಬೇಕು. ಕಪ್ಪಾದರೆ ತಕ್ಷಣ ಆಸ್ಪತ್ರೆ.

ಹುಟ್ಟಿದಾಗಿನ ಲಸಿಕೆಗಳು ಗಡಿಬಿಡಿಯಲ್ಲಿ ತಪ್ಪಿರುತ್ತವೆ. ಪೋಲಿಯೊ ಸೊನ್ನೆ ಡೋಸಿಗೆ 15 ದಿನದ ಮಿತಿ, ಬಿಸಿಜಿ ಒಂದು ವರ್ಷದವರೆಗೂ ನಡೆಯುತ್ತದೆ. ವೆಂಟಿಲೇಟರಿನಲ್ಲಿದ್ದ, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧಿ ಪಡೆದ ಕೂಸಿಗೆ ಕಿವಿಯ ಬೇರಾ ಪರೀಕ್ಷೆ ಮೂರು ತಿಂಗಳೊಳಗೆ ಆಗಬೇಕು. 34 ವಾರಕ್ಕೆ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ಹುಟ್ಟಿದ್ದರೆ ಕಣ್ಣಿನ ಪರದೆಯ ಪರೀಕ್ಷೆ ನಾಲ್ಕನೆಯ ವಾರಕ್ಕೆ, ಡಿಸ್ಚಾರ್ಜ್ ಆಗಿರಲಿ ಬಿಡಲಿ.

ಅನ್ನನಾಳದ ಕೂಸು ಮನೆಯಲ್ಲಿ ನಾಯಿ ಬೊಗಳಿದಂತೆ ಕೆಮ್ಮುತ್ತದೆ. ಶ್ವಾಸನಾಳದ ಗೋಡೆ ಮೆದುವಾಗಿರುವುದರಿಂದ ಹಾಗೆ, ದೊಡ್ಡದಾದಂತೆ ಕಡಿಮೆಯಾಗುತ್ತದೆ. ಆದರೆ ಚೆನ್ನಾಗಿ ಕುಡಿಯುತ್ತಿದ್ದ ಕೂಸು ಹೊತ್ತು ತೆಗೆದುಕೊಳ್ಳತೊಡಗಿದರೆ, ಜೊಲ್ಲು ಸುರಿಸಿದರೆ, ಕುಡಿಯುವಾಗ ನೀಲಿಗಟ್ಟಿದರೆ ಹೊಲಿಗೆಯ ಜಾಗ ಕಿರಿದಾಗುತ್ತಿದೆ, ಹಿಗ್ಗಿಸಬೇಕಾಗುತ್ತದೆ. ಯಾವುದೇ ಆಪರೇಷನ್ ಆಗಿರಲಿ, ಹಸಿರು ವಾಂತಿಯಾದರೆ ಗಲ್ಲಿಯ ಕ್ಲಿನಿಕ್ಕಿಗೆ ಹೋಗಿ ಹೊತ್ತು ಕಳೆಯಬೇಡಿ, ನೇರ ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ. ಮೈಬಿಸಿ 38 ದಾಟಿದರೂ, 36.5ರ ಕೆಳಗೆ ಹೋಗಿ ಬೆಚ್ಚಗೆ ಹೊದಿಸಿದರೂ ಏರದಿದ್ದರೂ ಅದೇ ಮಾತು.

ತೊಟ್ಟಿಲಿಗೆ ಊರಿಗೆ ಕರೆದೊಯ್ಯುವ ಆಸೆ ಎಲ್ಲ ಮನೆಯಲ್ಲೂ ಇರುತ್ತದೆ. ಕೊಂಕಣ ರೈಲಿನಲ್ಲಿ ರಾತ್ರಿಯಿಡೀ ಹೋಗುವಾಗ ನಡುದಾರಿಯಲ್ಲಿ ಮಕ್ಕಳ ಸರ್ಜನ್ ಸಿಗುವುದು ಕಷ್ಟ. ಮೊದಲ ಚೆಕಪ್ ಮುಗಿಸಿ, ಸರ್ಜನ್ ಸರಿ ಅಂದ ಮೇಲೆ ಹೊರಡಿ. ಊರಿಗೆ ಹತ್ತಿರದ ಮಕ್ಕಳ ಸರ್ಜರಿ ಇರುವ ಆಸ್ಪತ್ರೆ ಯಾವುದು, ಮಂಗಳೂರೋ ಮಣಿಪಾಲವೋ ಹುಬ್ಬಳ್ಳಿಯೋ, ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್, ಕೊನೆಯ ಎಕ್ಸ್‌ರೇ ಎಲ್ಲದರ ಎರಡು ಜೆರಾಕ್ಸ್ ಮಾಡಿಸಿ. ಒಂದು ಮನೆಯಲ್ಲಿರಲಿ. ಇನ್ನೊಂದು, ನೋಟ್‌ಬುಕ್ಕಿನ ಜೊತೆ, ಡೈಪರ್ ಚೀಲದ ಹೊರ ಜೇಬಿನಲ್ಲಿ.